ಹಗುರ ಕಾರು, ಹಗುರ ಸಾಲ

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ತಮ್ಮ ಹೆಸರನ್ನು ಅಚ್ಚು ಹಾಕಬಾರದೆಂಬ ಕೋರಿಕೆಯೊಂದಿಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರಿಗೆ 24 ವರ್ಷ. ಚೆನ್ನೈನ ಸೇನಾಧಿಕಾರಿಗಳ ತರಬೇತಿ ಅಕಾಡೆಮಿಯಿಂದ ಹೊರಬಂದು ಲೆಫ್ಟಿನೆಂಟ್ ಆಗಿ ಒಂದು ವರ್ಷವಾಗಿದೆ, ಸದ್ಯ ಪಠಾಣ್‌ಕೋಟ್‌ನಲ್ಲಿದ್ದಾರೆ. ಈಗ ಮೊದಲ ಕಾರು ಕೊಳ್ಳಬೇಕು. ಸ್ವಿಫ್ಟ್ ಸಾಕು ಎಂಬುದು ತಾಯಿಯ ಮಾತು. ಕೊಡಗಿನವನಾಗಿ ಥಾರ್ ಕೊಳ್ಳದಿದ್ದರೆ ಹೇಗೆ ಎಂಬುದು ಮೆಸ್ಸಿನ ಗೆಳೆಯರ ಮಾತು. ಉಳಿತಾಯ 3 ಲಕ್ಷ ರೂಪಾಯಿ ಇದೆ. ಬ್ಯಾಂಕು 7 ವರ್ಷದ ಅವಧಿಗೆ 10 ಲಕ್ಷ ಸಾಲ ಕೊಡಲು ಒಪ್ಪಿದೆ. ಅದೂ ಸಾಲದಿದ್ದರೆ ತಂದೆಯ ಹಳೆಯ ಜೀಪನ್ನು ಮಾರುವ ಆಲೋಚನೆಯಿದೆ. ಪತ್ರದ ಕೊನೆಯ ಸಾಲು ಹೀಗಿದೆ: "ವಿವೇಕದ ಕಾರು ಕೊಳ್ಳಲೇ, ಮೋಜಿನ ಕಾರು ಕೊಳ್ಳಲೇ?"

ಪ್ರಿಯ ಲೆಫ್ಟಿನೆಂಟರೆ,

ಈ ತಿಂಗಳು ಬಂದ ಪತ್ರಗಳಲ್ಲಿ ಕಾಡಾನೆಯ ಮೇಲೆ ಹನ್ನೊಂದು, ಕಾಫಿ ಬೆಲೆಯ ಮೇಲೆ ಆರು ಇದ್ದವು. ಅವನ್ನೆಲ್ಲ ಬದಿಗಿಟ್ಟು ನಿಮ್ಮ ಪತ್ರಕ್ಕೆ ಇಷ್ಟು ಜಾಗ ಕೊಡುತ್ತಿರುವುದಕ್ಕೆ ಕಾರಣವಿದೆ. ಸಂಬಳ, ಉಳಿತಾಯ, ಸಾಲ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದು ಹಿರಿಯರೊಬ್ಬರ ಸಲಹೆ ಕೇಳುವ ತರುಣರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆಂಬುದು ನನಗೆ ಬಹಳ ಸಂತೋಷ ಕೊಟ್ಟಿತು. ಆದರೆ ನಿಮ್ಮ ಕೊನೆಯ ಸಾಲನ್ನು ನಾನು ಒಪ್ಪುವುದಿಲ್ಲ. ವಿವೇಕ ಒಂದು ಕಡೆ, ಮೋಜು ಇನ್ನೊಂದು ಕಡೆ ಎಂದು ನೀವು ಗೆರೆ ಎಳೆದಿದ್ದೀರಿ. ಮೂವತ್ತು ವರ್ಷ ಈ ಜಿಲ್ಲೆಯ ರಸ್ತೆಗಳಲ್ಲಿ ಸ್ಟಿಯರಿಂಗ್ ಹಿಡಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಘಟ್ಟದ ದಾರಿಯಲ್ಲಿ ಅವೆರಡೂ ಒಂದೇ ಕಾರಿನಲ್ಲಿ ಸಿಗುತ್ತವೆ, ಮತ್ತು ಆ ಕಾರು ಸಣ್ಣದು, ಹಗುರವಾದುದು, ಕೈಯಲ್ಲಿ ಗೇರು ಬದಲಿಸುವಂಥದು.

ನಿಮ್ಮ ಗೆಳೆಯರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಥಾರ್ ಗಟ್ಟಿ ಗಾಡಿ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಮಾದರಿಯು ಕೆಸರಿನಲ್ಲಿ ಹೂತ ಇತರರನ್ನು ಎಳೆದು ಹಾಕಬಲ್ಲದು. ಡಿಕ್ಕಿಯಾದಾಗ ತೂಕದ ಗಾಡಿ ಒಳಗಿದ್ದವರನ್ನು ಹೆಚ್ಚು ಕಾಯುತ್ತದೆ ಎಂಬುದರಲ್ಲೂ ಸತ್ಯವಿದೆ. ಅಷ್ಟನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ನನಗೆ ಗಾಡಿ ಓಡಿಸಲು ಕಲಿಸಿದವರು ನಮ್ಮ ಪಕ್ಕದ ತೋಟದ ನಿವೃತ್ತ ಸುಬೇದಾರರೊಬ್ಬರು. ಜಬಲ್ಪುರದ ಕಾರ್ಖಾನೆಯ ಶಕ್ತಿಮಾನ್ ಲಾರಿಗಳನ್ನು ಉತ್ತರದ ಬೆಟ್ಟಗಳಲ್ಲಿ ವರ್ಷಗಟ್ಟಲೆ ಓಡಿಸಿ ಬಂದವರು. ಸಂಪಾಜೆ ಘಾಟಿಯಲ್ಲಿ ಮೊದಲ ಸಲ ನನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿದ ದಿನ ನಾನು ಇಳಿಜಾರಿನುದ್ದಕ್ಕೂ ಬ್ರೇಕು ಅದುಮಿಕೊಂಡೇ ಹೋಗುತ್ತಿದ್ದೆ. ಅವರು ನನ್ನ ಮೊಣಕಾಲಿಗೆ ಕೈಯಿಂದ ತಟ್ಟಿ, "ಮಾರಾಯ, ಬ್ರೇಕು ಇರುವುದು ಗಾಡಿ ನಿಲ್ಲಿಸುವುದಕ್ಕೆ, ಗುಡ್ಡ ಇಳಿಸುವುದಕ್ಕಲ್ಲ. ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿ" ಎಂದರು. ಎರಡನೇ ಗೇರಿಗೆ ಹಾಕಿ ಪಾದ ಎತ್ತಿದೆ. ಎಂಜಿನ್ನು ಗುರ್ರೆಂದು ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿದಂತಾಯಿತು. ಆ ಹಿಡಿತ ಸ್ಟಿಯರಿಂಗಿನಲ್ಲೂ ಸೊಂಟದಲ್ಲೂ ತಿಳಿಯುತ್ತಿತ್ತು. ಮೋಜು ಎಂಬ ಪದವನ್ನು ಯಾರಾದರೂ ಹೇಳಿದಾಗ ಇಂದಿಗೂ ನನಗೆ ಮೊದಲು ನೆನಪಾಗುವುದು ಅದೇ.

ಇದರ ಲೆಕ್ಕ ಸರಳ. ಮಡಿಕೇರಿಯಿಂದ ಸುಳ್ಯಕ್ಕೆ ಹೋಗುವವರು ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಕೆಳಕ್ಕೆ ಇಳಿಯುತ್ತಾರೆ. ಆ ಇಳಿತದಲ್ಲಿ ಗಾಡಿಯ ತೂಕವನ್ನೆಲ್ಲ ಒಂದೋ ಎಂಜಿನ್ನು ಹಿಡಿಯಬೇಕು, ಇಲ್ಲವೇ ಅದು ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಇಂದಿನ ಸ್ವಿಫ್ಟ್ ತೂಗುವುದು ಸುಮಾರು 920 ಕಿಲೋ; ನಾಲ್ಕು ಚಕ್ರ ಚಾಲನೆಯ ಥಾರ್ ಒಂದೂಮುಕ್ಕಾಲು ಟನ್ನಿನ ಆಸುಪಾಸಿನಲ್ಲಿದೆ. ಅಂದರೆ ಪ್ರತಿ ತಿರುವಿನಲ್ಲೂ ನಿಮ್ಮ ಟಯರುಗಳು ಹಿಡಿಯಬೇಕಾದ, ಬ್ರೇಕುಗಳು ನುಂಗಬೇಕಾದ ಭಾರ ಇಮ್ಮಡಿಗೆ ಸ್ವಲ್ಪವೇ ಕಡಿಮೆ. ಎತ್ತರದ ಭಾರದ ಗಾಡಿ ತಿರುವಿನಲ್ಲಿ ಮೊದಲು ವಾಲುತ್ತದೆ, ಆಮೇಲೆ ತಿರುಗುತ್ತದೆ. ಹಗುರ ಕಾರಾದರೋ ನೀವು ನೋಡಿದ ಕಡೆಗೆ ಮೂಗು ತಿರುಗಿಸುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲೇ ಅದು ಕೊಡುವ ಸಂತೋಷವನ್ನು ದೊಡ್ಡ ಗಾಡಿಯಿಂದ ಪಡೆಯಬೇಕಾದರೆ ನೀವು ಕಾನೂನನ್ನೂ ಮುರಿಯಬೇಕು, ಜೀವವನ್ನೂ ಪಣಕ್ಕಿಡಬೇಕು.

ಹಗುರ ಎಂದರೆ ಹೆಣ್ಣುಮಕ್ಕಳ ಕಾರು ಎಂದು ಮೆಸ್ಸಿನಲ್ಲಿ ನಗುತ್ತಾರೆಂದು ಬರೆದಿದ್ದೀರಿ. ಹಾಗೆ ನಗುವವರಿಗೆ ನಮ್ಮ ಊರಿನವರೇ ಆದ ಜನರಲ್ ತಿಮ್ಮಯ್ಯನವರ ಕಥೆ ಹೇಳಿ. 1948ರ ನವೆಂಬರ್ 1ರಂದು ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿ ಲಾ ಕಣಿವೆಯಲ್ಲಿ, ಸುಮಾರು 11,500 ಅಡಿ ಎತ್ತರದಲ್ಲಿ, ಹಿಮದ ನಡುವೆ ಅವರು ಪಾಕಿಸ್ತಾನದ ಕಡೆಯ ಪಡೆಗಳ ಮೇಲೆ ಟ್ಯಾಂಕು ನುಗ್ಗಿಸಿದರು. ಟ್ಯಾಂಕು ಅಷ್ಟು ಎತ್ತರಕ್ಕೆ ಬರಬಹುದೆಂದು ಎದುರಾಳಿ ಎಣಿಸಿಯೇ ಇರಲಿಲ್ಲ. ಮದ್ರಾಸ್ ಸ್ಯಾಪರ್ಸ್ ತುಕಡಿಯವರು ಬಾಲ್ತಾಲ್‌ನಿಂದ ಮೇಲಿನ ಹೇಸರಗತ್ತೆ ದಾರಿಯನ್ನು ಅಗಲ ಮಾಡಿದ್ದರು. 7ನೇ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳನ್ನು ಗೋಪುರ ಕಳಚಿ, ಮುಚ್ಚಿ, ಗುಟ್ಟಾಗಿ ಶ್ರೀನಗರದವರೆಗೆ ತರಲಾಗಿತ್ತು. ಆ ಟ್ಯಾಂಕುಗಳು ಯಾವುವು? ಸ್ಟುವರ್ಟ್. ಆ ಕಾಲದ ಶರ್ಮನ್ ಟ್ಯಾಂಕಿನ ಅರ್ಧದಷ್ಟು ತೂಕದ ಲೈಟ್ ಟ್ಯಾಂಕುಗಳು. ಅದೇ ತಿಂಗಳಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಕೈಗೆ ಬಂದು ಲೇಹ್‌ನ ದಾರಿ ತೆರೆಯಿತು. ದಾರಿಗೆ ತಕ್ಕ ಗಾಡಿಯನ್ನು ಆರಿಸುವುದು ಸೇನಾಧಿಕಾರಿಯ ವಿದ್ಯೆ. ಅದನ್ನು ಕಾರು ಕೊಳ್ಳುವಾಗ ಮರೆಯಬೇಕಾಗಿಲ್ಲ.

ಮಡಿಕೇರಿಯಲ್ಲಿರುವ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಅದಕ್ಕೂ ಮೊದಲು ಅಲ್ಲಿ ಸಾರಿಗೆ ಕಚೇರಿ ಇತ್ತೆಂಬುದನ್ನು ನಿಮ್ಮ ವಯಸ್ಸಿನವರು ಬಹುಶಃ ಅರಿಯರು. ನನ್ನ ಚಾಲನಾ ಪರವಾನಗಿಯ ಕಾಗದಕ್ಕೆ ಮೊಹರು ಬಿದ್ದದ್ದು ಆ ಮನೆಯಲ್ಲೇ. ರಜೆಗೆ ಬಂದಾಗ ಒಂದು ಗಳಿಗೆ ಅಲ್ಲಿ ಹೋಗಿ ಬನ್ನಿ.

ನಿಮ್ಮ ಸೇನೆಯೇ ದಶಕಗಳ ಕಾಲ ಅಚ್ಚುಮೆಚ್ಚಿನಿಂದ ಬಳಸಿದ ಮಾರುತಿಯ ಜಿಪ್ಸಿ ಗಾಡಿಯನ್ನು ನೋಡಿ. 1985ರಲ್ಲಿ ಒಂದು ಲೀಟರಿಗೂ ಕಡಿಮೆ ಎಂಜಿನ್ನಿನೊಂದಿಗೆ ಬಂದ ಅದು ತೂಗುತ್ತಿದ್ದುದು ಒಂದು ಟನ್ನಿನ ಆಸುಪಾಸು. ಕೆಸರಿನಲ್ಲಿ ಸಿಕ್ಕಿದರೆ ನಾಲ್ಕು ಜವಾನರು ಸೇರಿ ಮೇಲೆತ್ತಿಬಿಡುತ್ತಿದ್ದರು ಎಂದು ನಮ್ಮ ಸುಬೇದಾರರು ಹೇಳುತ್ತಿದ್ದರು.

ಈಗ ಹಣದ ವಿಚಾರ. ಲೆಫ್ಟಿನೆಂಟರ ಆರಂಭದ ಮೂಲವೇತನ 56,100 ರೂಪಾಯಿ, ಅದರ ಮೇಲೆ ಸೇನಾ ಸೇವಾ ವೇತನ 15,500, ಜೊತೆಗೆ ಭತ್ಯೆಗಳು. ಒಳ್ಳೆಯ ಸಂಬಳವೇ. ಆದರೆ ಶೇಕಡ 9ರ ಬಡ್ಡಿಯಲ್ಲಿ 10 ಲಕ್ಷವನ್ನು 7 ವರ್ಷಕ್ಕೆ ತೆಗೆದರೆ ತಿಂಗಳ ಕಂತು 16,000 ರೂಪಾಯಿ ದಾಟುತ್ತದೆ, ಒಟ್ಟು ಬಡ್ಡಿ ಮೂರೂವರೆ ಲಕ್ಷ. ಅದೇ ಬಡ್ಡಿಯಲ್ಲಿ 5 ಲಕ್ಷವನ್ನು 3 ವರ್ಷಕ್ಕೆ ತೆಗೆದರೆ ಕಂತು 15,900, ಬಡ್ಡಿ ಮುಕ್ಕಾಲು ಲಕ್ಷಕ್ಕಿಂತ ಕಡಿಮೆ. ಕಂತು ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ನೀವು 28ನೇ ವಯಸ್ಸಿಗೆ ಮೊದಲೇ ಋಣಮುಕ್ತರು. ಇನ್ನೊಂದರಲ್ಲಿ 31 ತುಂಬಿದಾಗಲೂ ಕಟ್ಟುತ್ತಲೇ ಇರುತ್ತೀರಿ. ಬ್ಯಾಂಕಿನವರು ನಿಮಗೆ ತಿಂಗಳ ಕಂತನ್ನು ಮಾತ್ರ ತೋರಿಸಿದ್ದಾರೆ, ವರ್ಷಗಳನ್ನು ತೋರಿಸಿಲ್ಲ.

ಸೇನಾ ಕ್ಯಾಂಟೀನ್ (ಸಿಎಸ್‌ಡಿ) ಮೂಲಕವೇ ಕೊಳ್ಳಿ. ಸಿಎಸ್‌ಡಿ ದರದಲ್ಲಿ ಜಿಎಸ್‌ಟಿಯ ಅರ್ಧದಷ್ಟು ಉಳಿಯುತ್ತದೆ. ಕಾರಿನ ಬೆಲೆಗೆ ಮಿತಿಯಿದೆ, ಎರಡು ಖರೀದಿಗಳ ನಡುವೆ ಇಂತಿಷ್ಟು ವರ್ಷಗಳ ಅಂತರ ಇರಬೇಕೆಂಬ ಕಟ್ಟಳೆಯಿದೆ. ಆದ್ದರಿಂದ ಸಿಕ್ಕಿದ ಅವಕಾಶವನ್ನು ಗೆಳೆಯರ ಮಾತಿಗೆ ಕಳೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇಕಡ 18 ತೆರಿಗೆ, ದೊಡ್ಡವಕ್ಕೆ ಶೇಕಡ 40. ನೋಂದಣಿಯನ್ನು, ರಾಜ್ಯ ಬದಲಾದರೂ ಅದೇ ನಂಬರು ನಡೆಯುವ ಬಿಎಚ್ (ಭಾರತ್) ಸರಣಿಯಲ್ಲೇ ಮಾಡಿಸಿ. 2021ರಲ್ಲಿ ಬಂದ ಈ ವ್ಯವಸ್ಥೆ ನಿಮ್ಮಂಥವರಿಗಾಗಿಯೇ ಇದೆ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಕಾರು ಇಟ್ಟರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಹೊಸ ನಂಬರು ಪಡೆದು, ಹಳೆಯ ತೆರಿಗೆ ವಾಪಸಿಗೆ ಅಲೆಯುವ ಕೆಲಸ ಇದರಲ್ಲಿಲ್ಲ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತ ಹೋದರಾಯಿತು. ಹತ್ತು ಲಕ್ಷದೊಳಗಿನ ಕಾರಿಗೆ ದರ ಶೇಕಡ 8, ಅದರ ಮೇಲಿನದಕ್ಕೆ 10, ಇಪ್ಪತ್ತು ಲಕ್ಷ ದಾಟಿದರೆ 12. ಡೀಸೆಲ್ಲಿಗೆ ಇನ್ನೂ 2 ಹೆಚ್ಚು.

ಡೀಸೆಲ್ ಬೇಡವೇ ಬೇಡ. ದೆಹಲಿಗೆ ವರ್ಗವಾದರೆ ಅಲ್ಲಿ ಹಳೆಯ ಡೀಸೆಲ್ ಕಾರುಗಳ ಮೇಲೆ ನಿರ್ಬಂಧದ ಕತ್ತಿ ತೂಗುತ್ತಿರುತ್ತದೆ. ಲಡಾಖಿನ ಚಳಿಗೆ ಸಾಮಾನ್ಯ ಡೀಸೆಲ್ ಗಟ್ಟಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಕಾರು ಓಡುವ ದಿನಗಳಿಗಿಂತ ನಿಲ್ಲುವ ದಿನಗಳೇ ಹೆಚ್ಚಾಗಬಹುದು. ನನಗೆ ಪರಿಚಯದ ಕ್ಯಾಪ್ಟನ್ ಒಬ್ಬರು ಹೀಗೆಯೇ ಏಳು ವರ್ಷದ ಸಾಲದಲ್ಲಿ ದೊಡ್ಡ ಡೀಸೆಲ್ ಗಾಡಿ ಕೊಂಡರು. ಐದೇ ತಿಂಗಳಿಗೆ, ಕಾರು ಒಯ್ಯಲಾಗದ ಕಡೆಗೆ ಫೀಲ್ಡ್ ಪೋಸ್ಟಿಂಗ್ ಬಂತು. ಗಾಡಿ ಊರಿಗೆ ಬಂದು ತೋಟದ ಶೆಡ್ಡಿನಲ್ಲಿ ಟಾರ್ಪಾಲಿನಡಿ ನಿಂತಿತು. ಆಟಿ ತಿಂಗಳ ಮಳೆಗೆ, ನಮ್ಮವರು ಕಕ್ಕಡ ಎನ್ನುವ ಆ ದಿನಗಳಲ್ಲಿ, ಮನೆಯ ಚಪ್ಪಲಿಗೇ ಬೂಸ್ಟು ಹಿಡಿಯುವಾಗ ಸೀಟಿಗೆ ಹಿಡಿಯದೇ ಇರುತ್ತದೆಯೇ? ನಾನು ಹೋಗಿ ಬಾಗಿಲು ತೆಗೆದಾಗ ಸ್ಟಿಯರಿಂಗಿನ ಮೇಲೆ ಬಿಳಿ ಹತ್ತಿಯಂತೆ ಬೂಸ್ಟು ಕೂತಿತ್ತು. ಬಾನೆಟ್ಟಿನೊಳಗೆ ಇಲಿ ವೈರು ಕಡಿದು ಒಣ ಕಾಫಿ ಎಲೆಯಲ್ಲಿ ಗೂಡು ಮಾಡಿತ್ತು. ಎರಡು ವರ್ಷದ ಕಂತು ಮಾತ್ರ ಒಂದು ತಿಂಗಳೂ ತಪ್ಪದೆ ಹೋಗಿತ್ತು. ಆ ಹುಡುಗನ ತಾಯಿ ಶೆಡ್ಡಿನ ಬಾಗಿಲಲ್ಲಿ ನಿಂತು ಏನೂ ಮಾತನಾಡಲಿಲ್ಲ.

ಈ ದೊಡ್ಡ ಗಾಡಿಯ ಹುಚ್ಚು ನಮ್ಮ ಜಿಲ್ಲೆಗೆ ಏನು ಮಾಡಿದೆಯೆಂದು ನೋಡಲು ಒಂದು ಭಾನುವಾರ ಸಂಜೆ ಮಡಿಕೇರಿಯಲ್ಲಿ ನಿಂತರೆ ಸಾಕು. ರಾಜಾಸೀಟಿನ ಏರಿನಲ್ಲಿ ಎರಡು ಗಾಡಿ ಎದುರುಬದುರಾದರೆ ಮೂರನೆಯದಕ್ಕೆ ದಾರಿಯಿಲ್ಲ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ತಮ್ಮ ಕಣ್ಣಿಗೇ ಬಡಿಯುತ್ತದೆಂಬುದು ಬರುವವರಿಗೂ ತಿಳಿಯದು, ಇಲ್ಲಿ ಹುಟ್ಟಿದವರೂ ಮರೆಯುತ್ತಿದ್ದಾರೆ. ಗುಡ್ಡದ ರಸ್ತೆಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂಬುದು ಕಾನೂನಿನಲ್ಲೇ ಇರುವ ಮಾತು. ಹಿಂದೆ ತೋಟದ ರಸ್ತೆಯಲ್ಲಿ ಎರಡು ಜೀಪು ಎದುರಾದರೆ ಒಬ್ಬರು ಎಡದ ಚಕ್ರಗಳನ್ನು ಚರಂಡಿಯ ಅಂಚಿಗೆ ಹತ್ತಿಸಿ, ಕೈ ಎತ್ತಿ, ಮನೆಯವರ ಆರೋಗ್ಯ ವಿಚಾರಿಸಿಯೇ ಮುಂದೆ ಹೋಗುತ್ತಿದ್ದರು. ಈಗ ಹಿಂದಕ್ಕೆ ಹೋಗಲು ಬಾರದವರು ಹಾರನ್ ಒತ್ತುತ್ತ ಕೂರುತ್ತಾರೆ. ಹೊರಗಿನವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕಾಫಿಗೆ ಬೆಲೆ ಬಂದ ಈಚಿನ ವರ್ಷಗಳಲ್ಲಿ ತೋಟದ ಕಾರ್ಮಿಕರ ಲೈನ್‌ಮನೆಯ ಹಂಚು ಬದಲಿಸದ ನಮ್ಮವರೇ ಗಾಡಿ ಬದಲಿಸಿದ್ದಾರೆ. ಮದುವೆ ಮಂಟಪದ ಅಂಗಳದಲ್ಲಿ ಯಾರು ಯಾವ ಗಾಡಿಯಿಂದ ಇಳಿದರೆಂದು ಎಣಿಸುವ ಕಣ್ಣುಗಳಿಗೆ ಹೆದರಿ ಸಾಲ ಮಾಡುವ ಹುಡುಗರನ್ನು ನಾನು ಕಂಡಿದ್ದೇನೆ. ನಿಮ್ಮ ಹೆಗಲ ಮೇಲಿನ ಎರಡು ನಕ್ಷತ್ರಗಳನ್ನು ನೋಡಿಯೂ ಗಾಡಿಯ ಅಳತೆ ಕೇಳುವವರ ಗೌರವ ನಿಮಗೆ ಯಾಕೆ ಬೇಕು?

ಇನ್ನು ಆಯ್ಕೆ. ನಿಮ್ಮ ತಾಯಿಯವರು ಹೇಳಿದ ಸ್ವಿಫ್ಟನ್ನೇ, ಐದು ಗೇರಿನ ಮ್ಯಾನುವಲ್ ಮಾದರಿಯಲ್ಲಿ ಕೊಳ್ಳಿ. ಆರು ಏರ್‌ಬ್ಯಾಗು, ಜಾರುವಾಗ ಕಾರನ್ನು ಸರಿದಾರಿಗೆ ತರುವ ಇಎಸ್‌ಪಿ ಎರಡೂ ಕೆಳಗಿನ ಮಾದರಿಯಿಂದಲೇ ಇವೆ. ಮೇಲಿನ ಮಾದರಿಗೆ ಕೊಡುವ ಹಣದಲ್ಲಿ ಒಳ್ಳೆಯ ಟಯರು ಹಾಕಿಸಿ. ನಮ್ಮ ಮಳೆಯಲ್ಲಿ ಕಾರನ್ನು ರಸ್ತೆಗೆ ಹಿಡಿದಿಡುವುದು ಟಯರೇ ಹೊರತು ಮುಂದಿನ ಟಚ್‌ಸ್ಕ್ರೀನ್ ಅಲ್ಲ. ಇನ್ನೂ ಚುರುಕು ಬೇಕೆನಿಸಿದರೆ ಐ20 ಎನ್ ಲೈನ್ ಇದೆ, ಒಂದು ಲೀಟರ್ ಟರ್ಬೊ ಎಂಜಿನ್. ಅದಕ್ಕೂ ನನ್ನ ಒಪ್ಪಿಗೆಯಿದೆ, ಸಾಲ ಮೂರು ವರ್ಷ ಮೀರದಿದ್ದರೆ. ನಾಲ್ಕು ಚಕ್ರದ ಚಾಲನೆ ಬೇಕೇ ಬೇಕೆಂದರೆ ಜಿಪ್ಸಿಯ ವಂಶದ ಜಿಮ್ನಿ, 1,200 ಕಿಲೋ. ಪಠಾಣ್‌ಕೋಟಿನಿಂದ ಡಾಲ್‌ಹೌಸಿ ಸುಮಾರು 80 ಕಿ.ಮೀ. ದಾರಿ. ಸ್ವಿಫ್ಟಿನಲ್ಲಿ ಒಂದು ಬೆಳಗ್ಗೆ ಅಲ್ಲಿಗೆ ಹತ್ತಿ ಇಳಿದು ಬಂದು ನನಗೆ ಪತ್ರ ಬರೆಯಿರಿ.

ಮುಂದಿನ ರಜೆಯಲ್ಲಿ ಮಡಿಕೇರಿಯಲ್ಲೇ ಟೆಸ್ಟ್ ಡ್ರೈವ್ ಮಾಡಿ. ಮಾರುವವರು ನಿಮ್ಮನ್ನು ನೇರ ರಸ್ತೆಗೆ ಕರೆದೊಯ್ಯುತ್ತಾರೆ, ಬೇಡವೆನ್ನಿ. ಮೇಕೇರಿ ಕಡೆಗೆ ಇಳಿಯಿರಿ, ಎರಡನೇ ಗೇರಿನಲ್ಲಿ, ರೇಡಿಯೊ ಆರಿಸಿ, ಕಿಟಕಿಯ ಗಾಜು ಇಳಿಸಿ. ವಾಪಸು ಬರುವಾಗ ಏರಿನ ತಿರುವಿನಲ್ಲಿ ಒಮ್ಮೆ ಪೂರ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಹಿಡಿದು ಹಿಂದೆ ಜಾರದಂತೆ ಮತ್ತೆ ಹೊರಡಿಸಿ ನೋಡಿ. ಕ್ಲಚ್ಚು ಎಲ್ಲಿ ಹಿಡಿಯುತ್ತದೆಂದು ಪಾದಕ್ಕೆ ತಿಳಿಯಬೇಕು.

ತಂದೆಯವರ ಜೀಪನ್ನು ಮಾತ್ರ ಮಾರಬೇಡಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ರಸ್ತೆಗಳು ಕಡಿದುಹೋದಾಗ ಎಷ್ಟೋ ತೋಟದ ಮನೆಗಳಿಗೆ ಅಕ್ಕಿ ಮುಟ್ಟಿಸಿದ್ದು, ಮುದುಕರನ್ನು ಹೊರಗೆ ತಂದದ್ದು ಇಂಥ ಹಳೆಯ ಜೀಪುಗಳೇ. ಕೆಸರಿನ ಕೆಲಸಕ್ಕೆ ಬೇಕಾದ ಗಾಡಿ ನಿಮ್ಮ ಅಂಗಳದಲ್ಲಿ ಸಾಲವಿಲ್ಲದೆ ನಿಂತಿದೆ. ಅದನ್ನು ಕೇಳಿ ಬಂದವರು ಎಷ್ಟು ಕೊಡುತ್ತೇವೆಂದರು ಎಂದು ನೀವು ಬರೆದಿದ್ದೀರಿ; ತಂದೆಯವರು ಏನೆಂದರು ಎಂದು ಬರೆದಿಲ್ಲ. ಈ ಸಲ ಊರಿಗೆ ಬಂದಾಗ ಅವರ ಪಕ್ಕದಲ್ಲಿ ಕೂತು ತೋಟಕ್ಕೆ ಒಂದು ಸುತ್ತು ಹೋಗಿ, ಆಮೇಲೆ ಕೇಳಿ.

ಸಂಪಾದಕ