ಬಾಯಿ ಬಿಟ್ಟ ಶೂಗೆ ಹೊಸ ಸೋಲ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ ಕೊಡಿಸಿದ ಬ್ರ್ಯಾಂಡೆಡ್ ವಾಕಿಂಗ್ ಶೂ ಆರು ವರ್ಷದಿಂದ ಡಬ್ಬದಲ್ಲೇ ಇತ್ತು. ಹಾಕಿದ್ದು ನಾಲ್ಕೈದು ಸಲ ಅಷ್ಟೆ. ಮೊನ್ನೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾ ನಂದಿಯ ಹತ್ತಿರ ಬರುವಷ್ಟರಲ್ಲಿ ಎರಡೂ ಸೋಲ್ ತುಂಡು ತುಂಡಾಗಿ ಉದುರಿದವು. ಬಳಸದೆ ಇಟ್ಟ ಶೂ ಹೀಗೇಕಾಯಿತು? ಹೊಸ ಸೋಲ್ ಹಾಕಿಸಬಹುದೇ?
– ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಸೋಲ್ ಸವೆದದ್ದಲ್ಲ, ಹಳಸಿದ್ದು. ಹೀಗೆ ಪುಡಿಯಾಗುವುದು ಪಿಯು, ಅಂದರೆ ಪಾಲಿಯುರೆಥೇನ್ ನೊರೆಯ ಸೋಲ್. ಗಾಳಿಯಲ್ಲಿರುವ ತೇವ ಅದರ ಸೂಕ್ಷ್ಮ ರಂಧ್ರಗಳೊಳಗೆ ಸೇರಿ ಪದಾರ್ಥದ ಕಟ್ಟನ್ನೇ ನಿಧಾನವಾಗಿ ಬಿಡಿಸುತ್ತದೆ. ಹಾಕಿದರೂ ಹಾಕದಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಇನ್ನೂ ಬೇಗ ಕೆಡುತ್ತದೆ. ಮನೆಯಲ್ಲಿ ಇಂಥದ್ದೇ ಇನ್ನೊಂದು ಜೊತೆ ಇದ್ದರೆ ಹಿಮ್ಮಡಿಯ ಪಕ್ಕಕ್ಕೆ ಉಗುರು ಊರಿ ನೋಡಿ. ಗುಳಿ ಬಿದ್ದು ಮೇಲೇಳದಿದ್ದರೆ, ಅಂಟಂಟಾಗಿದ್ದರೆ ಅಥವಾ ಕೂದಲೆಳೆಯಂಥ ಬಿರುಕು ಕಂಡರೆ ಅದನ್ನು ಹಾಕಿಕೊಂಡು ದೂರ ಹೋಗಬೇಡಿ.

ಮೇಲ್ಭಾಗದ (ಅಪ್ಪರ್) ಬಟ್ಟೆ, ಹೊಲಿಗೆ, ಒಳಗಿನ ಹಿಮ್ಮಡಿಯ ಗಟ್ಟಿತನ ಚೆನ್ನಾಗಿದ್ದರೆ ಧಾರಾಳವಾಗಿ ಹಾಕಿಸಿ. ರಬ್ಬರ್ ಸೋಲ್ ಅಥವಾ ಇವಿಎ (ಹಗುರವಾದ ಮೆತ್ತನೆಯ ನೊರೆ) ಕೆಳಗೆ ರಬ್ಬರ್ ಇರುವುದನ್ನು ಕೇಳಿ. ಒಂದು ಮಾತು ಮಾತ್ರ ರಿಪೇರಿಯವರಿಗೆ ಒತ್ತಿ ಹೇಳಬೇಕು: ಅಪ್ಪರ್‌ಗೆ ಅಂಟಿಕೊಂಡಿರುವ ಹಳೆಯ ಪಿಯು ಒಂದು ಚೂರೂ ಉಳಿಯಬಾರದು. ನೋಡಲು ಗಟ್ಟಿಯಾಗಿರುವ ಆ ತೆಳು ಪದರದ ಮೇಲೆ ಎಂಥ ಗಂ ಹಚ್ಚಿದರೂ, ನಾಳೆ ಆ ಪದರವೇ ಪುಡಿಯಾಗಿ ಹೊಸ ಸೋಲನ್ನೂ ಜೊತೆಗೆ ಕಳಚಿಕೊಂಡು ಬರುತ್ತದೆ.

ಪ್ರಶ್ನೆ: ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದೇನೆ. ಚಪ್ಪಲಿ ಕೆಲಸದಲ್ಲಿ ದೂರು ಬಂದಿಲ್ಲ. ಬ್ರ್ಯಾಂಡೆಡ್ ಶೂಗೆ ಹೊಸ ಸೋಲ್ ಅಂಟಿಸಿದರೆ ಮಾತ್ರ ಎರಡು ಮೂರು ವಾರದಲ್ಲಿ ಮುಂದುಗಡೆ ಬಾಯಿ ಬಿಡುತ್ತದೆ. ಗಂ ಒಳ್ಳೆಯದೇ ತರುತ್ತೇನೆ. ತಪ್ಪು ಎಲ್ಲಿದೆ?
– ರಿಪೇರಿಯವರು, ಮಂಡ್ಯ

ಉತ್ತರ: ಕಿತ್ತುಬಂದ ಸೋಲನ್ನು ಬಿಸಾಡುವ ಮೊದಲು ಬಿಡಿಸಿ ನೋಡಿ. ಉತ್ತರ ಅಲ್ಲೇ ಇರುತ್ತದೆ. ಗಂ ಪೂರ್ತಿ ಅಪ್ಪರ್ ಕಡೆ ಉಳಿದು ಸೋಲ್ ನುಣ್ಣಗೆ ಹೊಳೆಯುತ್ತಿದ್ದರೆ ಸೋಲ್ ತಯಾರಿ ಸಾಲದು. ಗಂ ಸೋಲಿನ ಕಡೆ ಇದ್ದು, ಜೊತೆಗೆ ಚರ್ಮದ ಬಣ್ಣದ ಸಿಪ್ಪೆಯೂ ಬಂದಿದ್ದರೆ ಅಪ್ಪರ್ ಉಜ್ಜಿದ್ದು ಸಾಲದು. ಎರಡೂ ಕಡೆ ಗಂ ಇದ್ದು ನಡುವೆ ಬಿಟ್ಟಿದ್ದರೆ, ಒಣಗಿಸುವುದರಲ್ಲೋ ಒತ್ತುವುದರಲ್ಲೋ ತಪ್ಪಿದೆ.

ಮೊದಲು ಸೋಲ್ ಯಾವುದರದು ಎಂದು ಗುರುತಿಸಿ. ಸಾಣೆಗೆ ಹಿಡಿದಾಗ ಒಣ ಪುಡಿ ಉದುರಿ ಸುಟ್ಟ ಟೈರಿನ ವಾಸನೆ ಬಂದರೆ ರಬ್ಬರ್. ಬಿಸಿಯೇರಿ ಕರಗಿದಂತಾಗಿ ಎಮರಿ ಕಾಗದಕ್ಕೆ ಮೆತ್ತಿಕೊಂಡರೆ ಟಿಪಿಆರ್ (ಕಾಯಿಸಿದರೆ ಕರಗುವ ರಬ್ಬರಿನಂಥ ಪದಾರ್ಥ) ಅಥವಾ ಪಿವಿಸಿ ಪ್ಲಾಸ್ಟಿಕ್. ಕೈಗೆ ಹಗುರಾಗಿ, ಬೆರಳಿಗೆ ಅದುಮಿದರೆ ಮೆತ್ತಗಿರುವುದು ಇವಿಎ. ಇವೆಲ್ಲಕ್ಕೂ ಒಂದೇ ಡಬ್ಬದ ಹಳದಿ ಗಂ ಹಿಡಿಯುವುದಿಲ್ಲ. ಪಿವಿಸಿಯಲ್ಲಿ ಮೃದುತ್ವಕ್ಕೆಂದು ಬೆರೆಸಿದ ಎಣ್ಣೆಯಂಥ ಪದಾರ್ಥ ದಿನ ಕಳೆದಂತೆ ಹೊರಗೆ ಜಿನುಗಿ ಹಳದಿ ಗಂ ಅನ್ನು ಮೇಣದಂತೆ ಮೆದು ಮಾಡಿಬಿಡುತ್ತದೆ. ನಿಮ್ಮ ಎರಡು ಮೂರು ವಾರದ ಲೆಕ್ಕಕ್ಕೆ ಇದೂ ಕಾರಣವಿರಬಹುದು. ಪಿವಿಸಿ, ಪಿಯು, ಟಿಪಿಆರ್ ಸೋಲ್‌ಗಳಿಗೆ ಪಿಯು ಗಂ ಬೇಕು. ರಬ್ಬರ್, ಟಿಪಿಆರ್‌ಗೆ ಪಿಯು ಗಂ ಹಚ್ಚುವ ಮೊದಲು ಪ್ರೈಮರ್, ಅಂದರೆ ಗಂ ಹಿಡಿಯಲು ನೆರವಾಗುವ ಮೊದಲ ಲೇಪನ, ಬಳಿದು ಕನಿಷ್ಠ ಅರ್ಧ ಗಂಟೆ ಒಣಗಿಸಬೇಕು. ಇವಿಎ ಹಾಳೆಯನ್ನು ಚೆನ್ನಾಗಿ ಉಜ್ಜಿ ಹಳದಿ ಗಂ ಎರಡು ಕೋಟು ಹಚ್ಚಿದರೆ ನಿಲ್ಲುತ್ತದೆ.

ಹೊಸ ಸೋಲ್ ಅಚ್ಚಿನಿಂದ ಬಂದದ್ದು. ಅದು ಅಚ್ಚಿಗೆ ಅಂಟದಿರಲೆಂದು ಬಳಿದ ಜಿಡ್ಡು ಮೇಲೆ ಇದ್ದೇ ಇರುತ್ತದೆ. ಬಟ್ಟೆಗೆ ಥಿನ್ನರ್ ತಾಗಿಸಿ ಒಂದೇ ದಿಕ್ಕಿನಲ್ಲಿ ಒರೆಸಿ, ಬಟ್ಟೆ ಮಗ್ಗುಲು ಬದಲಿಸಿ ಮತ್ತೆ ಒರೆಸಿ. ಅದೇ ಕೊಳೆ ಬಟ್ಟೆಯಲ್ಲಿ ತಿಕ್ಕಿದರೆ ಜಿಡ್ಡು ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಆಮೇಲೆ ಸೋಲನ್ನು ಶೂಗೆ ಹಿಡಿದು ಅಂಚಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳಿ. ಚರ್ಮವನ್ನು ಆ ಗೆರೆಯವರೆಗೆ 36 ಅಥವಾ 60 ನಂಬರಿನ ಎಮರಿಯಿಂದ, ಹೊಳಪು ಹೋಗಿ ಚರ್ಮದ ನಾರು ಎದ್ದು ನಿಲ್ಲುವವರೆಗೆ ಉಜ್ಜಿ. ಗೆರೆಗಿಂತ ಒಂದು ಮಿಲಿಮೀಟರ್ ಕೆಳಗೇ ನಿಲ್ಲಿಸಿದರೂ ಆ ಸಂದಿಯಿಂದಲೇ ನೀರು ಒಳಗಿಳಿಯುತ್ತದೆ. ಜಾಳಿಗೆ ಬಟ್ಟೆಯ ಅಪ್ಪರ್ ಆದರೆ ಜೋರಾಗಿ ಉಜ್ಜಬೇಡಿ, ಎಳೆ ಕಿತ್ತುಹೋಗುತ್ತದೆ. ಮೊದಲ ಕೋಟನ್ನು ಬಟ್ಟೆ ಹೀರಿಕೊಳ್ಳುವುದರಿಂದ ಎರಡನೆಯದು ಬೇಕೇ ಬೇಕು.

ಪಿಯು ಗಂ 100 ಗ್ರಾಂಗೆ ಹಾರ್ಡನರ್ (ಗಂ ಗಟ್ಟಿಯಾಗಲು ಬೆರೆಸುವುದು) 4ರಿಂದ 5 ಗ್ರಾಂ. ಕಣ್ಣಂದಾಜು ಬೇಡ, ಪುಟ್ಟ ತಕ್ಕಡಿ ಇಡಿ. ಬೆರೆಸಿದ್ದು ಕೆಲವು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಆ ದಿನದ ಕೆಲಸಕ್ಕೆ ಬೇಕಾದಷ್ಟನ್ನೇ ಕಲಸಿ. ಎರಡೂ ಕಡೆ ತೆಳ್ಳಗೆ ಹಚ್ಚಿ 10ರಿಂದ 15 ನಿಮಿಷ ಬಿಡಿ. ನಂತರ ಹೀಟ್ ಗನ್ನಿನಿಂದ 60ರಿಂದ 70 ಡಿಗ್ರಿಗೆ ಕಾಯಿಸಿ. ಮಂಕಾಗಿದ್ದ ಗಂ ಪದರ ಇದ್ದಕ್ಕಿದ್ದಂತೆ ಕನ್ನಡಿಯಂತೆ ಹೊಳೆಯುವ ಗಳಿಗೆಯೇ ಗುರುತು. ಆಗ ತಡಮಾಡದೆ ಮೊದಲು ಮುಂಗಾಲು, ಆಮೇಲೆ ಹಿಮ್ಮಡಿ, ಕೊನೆಗೆ ನಡು ಎಂದು ಕೂರಿಸಿ, ಕಬ್ಬಿಣದ ಅಡಿಯ ಮೇಲೆ ಇಟ್ಟು ಅಂಚಿನ ಸುತ್ತ ಬಲವಾಗಿ ಒತ್ತಿ. ಹಸಿ ಗಂ ಮೇಲೆ ಕೂರಿಸಿದರೆ ದ್ರಾವಕ ಒಳಗೇ ಸಿಕ್ಕಿಬಿದ್ದು ಗುಳ್ಳೆಯಾಗುತ್ತದೆ. ನಡೆಯುವಾಗ ಹೆಚ್ಚು ಬಾಗುವುದು ಮುಂಗಾಲು, ಆದ್ದರಿಂದ ಮೊದಲು ಬಾಯಿ ಬಿಡುವುದೂ ಅಲ್ಲೇ. ಮಳೆಗಾಲದಲ್ಲಿ ಗಂ ಮೇಲೆ ಬಿಳಿ ಮಂಜು ಕೂತರೆ ಅದು ತೇವ. ಕಾಯಿಸಿ ಪೂರ್ತಿ ಹೋಗಿಸದೆ ಅಂಟಿಸಬೇಡಿ.

ಗಿರಾಕಿ ‘ಸಂಜೆಗೆ ಕೊಡಿ’ ಎಂದರೂ 24 ಗಂಟೆ ಇಟ್ಟುಕೊಳ್ಳಿ. ಸೋಲಿನ ಅಂಚು ಅಪ್ಪರ್ ಮೇಲೆ ಬಟ್ಟಲಿನಂತೆ ಏರಿದ್ದರೆ ಸುತ್ತ ಹೊಲಿಗೆಯನ್ನೂ ಹಾಕಿ. ಮೇಣ ತೀಡಿದ ನೈಲಾನ್ ದಾರ, ಹೊಲಿಗೆಯ ನಡುವೆ 5-6 ಮಿಲಿಮೀಟರ್ ಇರಲಿ. ಅದಕ್ಕಿಂತ ಒತ್ತೊತ್ತಾಗಿ ಉಳಿ ಚುಚ್ಚಿದರೆ ಅಂಚೆ ಚೀಟಿ ಹರಿದಂತೆ ತೂತಿನ ಸಾಲಿನಲ್ಲೇ ಸೋಲ್ ಹರಿಯುತ್ತದೆ. ಬರೀ ಇವಿಎ ಅಂಚಿಗೆ ಹೊಲಿಗೆ ಬೇಡ, ದಾರವೇ ಅದನ್ನು ಕೊಯ್ಯುತ್ತದೆ. ಈ ಗಂ, ಥಿನ್ನರ್ ಎಲ್ಲವೂ ಬೇಗ ಬೆಂಕಿ ಹಿಡಿಯುವಂಥವು, ಆವಿ ತಲೆಗೇರುವಂಥವು. ಮುಚ್ಚಿದ ಗೂಡಂಗಡಿಯಲ್ಲಿ ಕೂತು ಹಚ್ಚಬೇಡಿ, ಬೀಡಿ, ಊದುಬತ್ತಿ ಹತ್ತಿರವಿರಬಾರದು. ಡಬ್ಬ ಮುಚ್ಚಿ ದೂರ ಇಟ್ಟು, ಹಚ್ಚಿದ ಗಂ ಪೂರ್ತಿ ಆರಿದ ಮೇಲೆಯೇ ಹೀಟ್ ಗನ್ ಹಿಡಿಯಿರಿ.

ಪ್ರಶ್ನೆ: ಕಚೇರಿಗೆ ಹಾಕುವ ಚರ್ಮದ ಶೂ, ದುಬಾರಿಯದು. ಸುತ್ತಲೂ ಹೊಲಿಗೆ ಕಾಣುತ್ತದೆ. ಎಷ್ಟು ಸಲ ಸೋಲ್ ಬದಲಿಸಬಹುದು?
– ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು

ಉತ್ತರ: ಆ ಹೊಲಿಗೆ ನಿಜವೇ ಎಂದು ಮೊದಲು ನೋಡಿ. ಅನೇಕ ಶೂಗಳಲ್ಲಿ ಅದು ಅಚ್ಚಿನಲ್ಲೇ ಮೂಡಿಸಿದ ಅಲಂಕಾರ. ದಾರದ ಸಂದಿಗೆ ಸೂಜಿಮೊನೆ ಹೋಗುತ್ತದೆಯೇ, ಸೋಲಿನ ಕೆಳಗೂ ಅದೇ ಸಾಲು ಕಾಣುತ್ತದೆಯೇ ಪರೀಕ್ಷಿಸಿ. ಅಪ್ಪರ್ ಸುತ್ತ ಒಂದು ಚರ್ಮದ ಪಟ್ಟಿ ಇದ್ದು, ಸೋಲ್ ಆ ಪಟ್ಟಿಗೆ ಹೊಲಿದಿದ್ದರೆ ಅದು ಗುಡ್‌ಇಯರ್ ವೆಲ್ಟ್. ಇದರಲ್ಲಿ ಕೆಳಗಿನ ಹೊಲಿಗೆ ಬಿಚ್ಚಿ, ಅಪ್ಪರ್ ಮುಟ್ಟದೆ ಸೋಲ್ ಬದಲಿಸಬಹುದು. ಪಟ್ಟಿ ಗಟ್ಟಿ ಇರುವವರೆಗೆ ಹಲವು ಸಲ ಸಾಧ್ಯ. ಸೋಲ್ ಸವೆದು ಪಟ್ಟಿಯೇ ನೆಲಕ್ಕೆ ಉಜ್ಜುವವರೆಗೆ ಕಾಯಬೇಡಿ, ಆಗ ಕೆಲಸವೂ ಖರ್ಚೂ ಬೇರೆಯೇ. ಬರೀ ಅಂಟಿಸಿದ ಶೂ ಆದರೆ ಪ್ರತಿ ಸಲ ಉಜ್ಜುವಾಗಲೂ ಚರ್ಮ ತೆಳ್ಳಗಾಗುವುದರಿಂದ ಒಂದೆರಡು ಸಲಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಪ್ರಶ್ನೆ: 8ನೇ ನಂಬರಿನ ಶೂಗೆ 8ನೇ ನಂಬರಿನ ಸೋಲ್ ಹಾಕಿಸಿದೆ. ಈಗ ನಡೆದರೆ ಹಿಂದಕ್ಕೆ ವಾಲಿದಂತಾಗುತ್ತದೆ, ಮಂಡಿ ನೋವು. ಕಂಪನಿಯದೇ ಸೋಲ್ ಸಿಗುತ್ತದೆಯೇ?
– ಕಾಲೇಜು ವಿದ್ಯಾರ್ಥಿ, ಮದ್ದೂರು

ಉತ್ತರ: ಕಂಪನಿಗಳು ಸಾಮಾನ್ಯವಾಗಿ ಸೋಲ್ ಬಿಡಿಯಾಗಿ ಮಾರುವುದಿಲ್ಲ. ಮಾರುಕಟ್ಟೆಯಲ್ಲಿ ಅದೇ ಲೋಗೋ ಅಚ್ಚೊತ್ತಿದ್ದು ಸಿಕ್ಕರೆ ಬಹುತೇಕ ನಕಲಿ, ಲೋಗೋಗೆ ಹೆಚ್ಚು ಹಣ ಕೊಡಬೇಡಿ. ನಂಬರನ್ನೂ ನಂಬುವಂತಿಲ್ಲ. ಒಂದೊಂದು ಕಂಪನಿಯ ಅಚ್ಚು ಒಂದೊಂದು ಆಕಾರ. ಹಳೆ ಸೋಲ್ ತೆಗೆದ ಮೇಲೆ ಶೂವಿನ ತಳವನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು, ಆ ರಟ್ಟಿಗೆ ಹೊಂದುವ ಸೋಲ್ ಆರಿಸಬೇಕು. ಹಿಮ್ಮಡಿ ಎತ್ತರದಿಂದ ಮುಂಗಾಲಿನ ಎತ್ತರ ಕಳೆದರೆ ಬರುವ ಅಂತರವೂ ಹಳೆಯದರಷ್ಟೇ ಇರಬೇಕು. ಹಳೆಯದರಲ್ಲಿ 10 ಮಿಲಿಮೀಟರ್ ಇದ್ದು ಹೊಸದು ಸಮತಟ್ಟಾಗಿದ್ದರೆ ಈಗ ಆಗಿರುವಂತೆಯೇ ಹಿಂದಕ್ಕೆ ವಾಲುತ್ತದೆ. ಹಿಮ್ಮಡಿಯ ಅಡಿ ಇವಿಎ ಹಾಳೆಯನ್ನು ಮುಂದಕ್ಕೆ ಬರುತ್ತಾ ತೆಳ್ಳಗಾಗುವಂತೆ ಸಾಣೆ ಹಿಡಿದು ಸೇರಿಸಿದರೆ ಸರಿಹೋಗುತ್ತದೆ. ಇದಕ್ಕೆ ಸೋಲನ್ನು ಮತ್ತೊಮ್ಮೆ ಬಿಡಿಸಬೇಕು. ಅಲ್ಲಿಯವರೆಗೆ ಆ ಶೂ ಹಾಕಬೇಡಿ, ನೋವು ಮುಂದುವರಿದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕಾರ್ಖಾನೆಯ ಸೇಫ್ಟಿ ಶೂಗೆ ಸೋಲ್ ಹಾಕಿಸಬಹುದೇ?
– ಕಾರ್ಮಿಕ, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಉತ್ತರ: ಕೆಲಸಕ್ಕೆ ಹಾಕುವುದಾದರೆ ಬೇಡ. ಸೇಫ್ಟಿ ಶೂಗಳ ಭಾರತೀಯ ಮಾನಕವಾದ ಐಎಸ್ 15298 ಗುರುತು ಇಡೀ ಶೂಗೆ ಸಿಕ್ಕಿದ್ದು. ಜಾರದ ತಳ, ಎಣ್ಣೆ ತಡೆಯುವ ಗುಣ ಎಲ್ಲವನ್ನೂ ಆ ಸೋಲ್ ಸಮೇತ ಪರೀಕ್ಷಿಸಿರುತ್ತಾರೆ. ಅಂಗಡಿಯ ಸೋಲ್ ಕೂರಿಸಿದ ಮೇಲೆ ಆ ಭರವಸೆ ಉಳಿಯುವುದಿಲ್ಲ. ಸವೆದ ಜೊತೆಯನ್ನು ಉಸ್ತುವಾರಿಯವರಿಗೆ ತೋರಿಸಿ ಹೊಸದು ಕೇಳಿ ಪಡೆಯಿರಿ. ಹಳೆಯದಕ್ಕೆ ಸೋಲ್ ಹಾಕಿಸಿದರೆ ತೋಟ, ಗದ್ದೆ ಬದುವಿನ ಓಡಾಟಕ್ಕೆ ಇಟ್ಟುಕೊಳ್ಳಿ.