ಮೂಲೆ ಬಿಟ್ಟು ಬರದ ನಾಯಿ

ಸರಸ್ವತಿಪುರಂನಿಂದ ಓದುಗರೊಬ್ಬರು ಕೇಳಿದ್ದಾರೆ: "ಪ್ರತಿ ಭಾನುವಾರ ಮೈಸೂರಿನ ಒಂದು ಪ್ರಾಣಿ ಆಶ್ರಯಕ್ಕೆ ನಾಯಿಗಳನ್ನು ವಾಕಿಂಗ್ ಮಾಡಿಸಲು ಹೋಗುತ್ತೇನೆ. ನನಗೆ ಒಪ್ಪಿಸಿರುವ ಕಂದು ಹೆಣ್ಣುನಾಯಿ ಎರಡು ತಿಂಗಳಾದರೂ ಮೂಲೆ ಬಿಟ್ಟು ಬರುತ್ತಿಲ್ಲ. ಯಾರೋ ಹೊಡೆದಿರಬೇಕು, ಪಾಪ. ಉಳಿದವರೆಲ್ಲ ನಾಯಿ ಹಿಡಿದು ಹೊರಟರೆ ನಾನು ಸುಮ್ನೆ ಕೂತಿರುತ್ತೇನೆ. 'ಕೂತು ಬರೋಕೆ ಅಷ್ಟು ದೂರ ಹೋಗ್ಬೇಕಾ?' ಅಂತಾರೆ ಅತ್ತೆ. ಬಿಟ್ಟುಬಿಡಲಾ?"

ಬಿಡಬೇಡಿ. ನೀವು ಮಾಡುತ್ತಿರುವುದೇ ಅಲ್ಲಿನ ಕಷ್ಟದ ಕೆಲಸ. ಬಾಲ ಅಲ್ಲಾಡಿಸಿಕೊಂಡು ಬಾಗಿಲಿಗೆ ಓಡಿಬರುವ ನಾಯಿಯನ್ನು ಯಾರು ಬೇಕಾದರೂ ಕರೆದುಕೊಂಡು ಹೋಗುತ್ತಾರೆ. ಹೆದರಿದ ನಾಯಿಯ ಜೊತೆ ಕೂರುವವರು ಸಿಗುವುದೇ ಅಪರೂಪ.

ಯಾರೋ ಹೊಡೆದಿರಬೇಕು ಅಂದಿದ್ದೀರಿ. ಇರಬಹುದು. ಆದರೆ ಹೊಡೆದೇ ಇರಬೇಕು ಅಂತೇನಿಲ್ಲ. ಮರಿಗೆ ಮೂರು ವಾರ ತುಂಬಿದಾಗಿನಿಂದ ಸುಮಾರು 14 ವಾರದವರೆಗೆ ಒಂದು ಕಾಲ ಇದೆ. ಆಗ ಏನೇನು ಕಂಡು ರೂಢಿಯಾಗುತ್ತದೋ ಅದಕ್ಕೆ ಆಮೇಲೆ ಹೆದರಿಕೆ ಕಮ್ಮಿ. ಮೋರಿ ಪಕ್ಕ ಹುಟ್ಟಿ, ಆ ವಾರಗಳಲ್ಲಿ ಒಂದು ಕೈಯೂ ಮೈ ಸವರದೆ ಬೆಳೆದ ಮರಿಗೆ ಮನುಷ್ಯರೆಂದರೆ ಭಯವೇ. ಆಮೇಲೂ ಕಲಿಯುತ್ತದೆ, ನಿಧಾನವಾಗಿ.

ಹೇಗೆ ಕೂರಬೇಕು ಅನ್ನೋದು ಮುಖ್ಯ. ನಾಯಿಗೆ ಎದುರಾಗಿ ಬೇಡ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಕೊಳ್ಳಿ. ಬಾಗಿಲಿಗೆ ಅಡ್ಡವಾಗಿ ಕೂರಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ನಿದ್ದೆ ಬಾರದಿದ್ದರೂ ಅದು ಆಕಳಿಸುತ್ತಿದೆಯಾ? ತಿನ್ನಲು ಏನೂ ಇಲ್ಲದೆ ತುಟಿ ನೆಕ್ಕಿಕೊಳ್ಳುತ್ತಿದೆಯಾ? ಮುಖ ತಿರುಗಿಸಿ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತಿದೆಯಾ? ಹಾಗಿದ್ದರೆ ನೀವು ತೀರಾ ಹತ್ತಿರ ಹೋಗಿದ್ದೀರಿ. ಒಂದು ಅಡಿ ಹಿಂದೆ ಸರಿಯಿರಿ. ಗುರ್ ಅಂದರೆ ಗದರಬೇಡಿ. ಗುರ್ ಅನ್ನೋದು ಮುನ್ಸೂಚನೆ. ಅದನ್ನು ಅದುಮಿಸಿದರೆ ಮುಂದೆ ಹೇಳದೆ ಕಚ್ಚುವ ನಾಯಿಯಾಗುತ್ತದೆ.

ಸಿಬ್ಬಂದಿಯನ್ನು ಕೇಳಿಕೊಂಡು, ಉಪ್ಪು-ಖಾರ ಇಲ್ಲದೆ ಬೇಯಿಸಿದ ಕೋಳಿಯ ಸಣ್ಣ ಚೂರು ಒಯ್ಯಿರಿ. ಅದನ್ನು ನಿಮ್ಮ ಕಡೆಗಲ್ಲ, ನಾಯಿಯ ಹಿಂದಕ್ಕೆ ಎಸೆಯಿರಿ. ತಿನ್ನಬೇಕೆಂದರೆ ನಿಮ್ಮ ಹತ್ತಿರ ಬರಲೇಬೇಕು ಅನ್ನುವ ಇಕ್ಕಟ್ಟಿಗೆ ಅದನ್ನು ಸಿಕ್ಕಿಸಬಾರದು. ಒಂದು ದಿನ ಅದೇ ಬಂದು ಮೂಸುತ್ತದೆ. ಆಗ ತಲೆ ಮೇಲೆ ಕೈ ಇಡುವ ಆಸೆ ತಡೆದುಕೊಳ್ಳಿ. ಎದೆಯ ಹತ್ತಿರ ಎರಡು ಕ್ಷಣ ಕೆರೆದು ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ಅದೇ ಒತ್ತಿಕೊಂಡು ಬರುತ್ತದೆ. (ಹಬ್ಬದಲ್ಲಿ ಉಳಿದ ಕೇಸರಿಬಾತ್ ಅಂತೂ ಒಯ್ಯಲೇಬೇಡಿ. ಅದರೊಳಗಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಹುದು.)

ವಾಕಿಂಗ್ ಆಮೇಲಿನ ಮಾತು. ಬೆಚ್ಚಿದ ನಾಯಿ ಹಿಂದಕ್ಕೆ ಜಗ್ಗಿ ಕುತ್ತಿಗೆ ಪಟ್ಟಿಯಿಂದ ತಲೆ ಕಳಚಿಕೊಂಡು ಓಡಿಬಿಡುತ್ತದೆ. ಅದಕ್ಕೇ ಮೈಗೆ ಹಾಕುವ ಹಾರ್ನೆಸ್ ಬೇಕು. ಒಳಗೇ ಹಾಕಿ ರೂಢಿ ಮಾಡಿಸಿ. ಹೊರಗೆ ಬಂದ ದಿನ ಕಿಲೋಮೀಟರ್ ಲೆಕ್ಕ ಹಾಕಬೇಡಿ, ಬೇಲಿ ಪಕ್ಕದ ಒಂದೇ ಗಿಡವನ್ನು ಹತ್ತು ನಿಮಿಷ ಮೂಸಿದರೂ ಮೂಸಲಿ. ಏಪ್ರಿಲ್ ಬಿಸಿಲಲ್ಲಿ ಟಾರು ರಸ್ತೆಗೆ ಅಂಗೈಯ ಹಿಂಬದಿ ಇಟ್ಟು ನೋಡಿ. ಏಳು ಸೆಕೆಂಡ್ ತಡೆಯಲಾಗದಿದ್ದರೆ ಅದರ ಪಾದವೂ ಸುಡುತ್ತದೆ.

ನಿಮ್ಮ ಆರೋಗ್ಯದ ವಿಷಯದಲ್ಲಿ ಉದಾಸೀನ ಬೇಡ. ರೇಬಿಸ್ ಲಕ್ಷಣ ಕಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಮ್ಮಿ. ಮುಂಜಾಗ್ರತೆಯ ಚುಚ್ಚುಮದ್ದಿನ ಬಗ್ಗೆ ಈ ವಾರವೇ ವೈದ್ಯರನ್ನು ಕೇಳಿ. ಕಚ್ಚಿದರೂ ಪರಚಿದರೂ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಮೊದಲೇ ಚುಚ್ಚುಮದ್ದು ಆಗಿದ್ದರೂ ಹೋಗಲೇಬೇಕು. ಮನೆಯಲ್ಲಿ ಲಸಿಕೆ ಆಗದ ಮರಿ ಇದ್ದರೆ ಬಟ್ಟೆ, ಚಪ್ಪಲಿ ಬದಲಿಸದೆ ಮುಟ್ಟಬೇಡಿ. ಮರಿಗಳ ಜೀವಕ್ಕೇ ಅಪಾಯವಾಗುವ ಪಾರ್ವೊ ವೈರಸ್ ಅಂಗಾಲಲ್ಲೇ ಮನೆಗೆ ಬರುತ್ತದೆ.

ಇನ್ನು ನಿಮ್ಮ ಅತ್ತೆಯವರಿಗೆ: ಅಮ್ಮಾ, ನಾಯಿ ಸಾಕಲು ಬಂದವರು ಒಂದು ಸುತ್ತು ಹಾಕಿ ನೋಡಿ ಹೋಗುತ್ತಾರೆ. ಗೋಡೆ ಕಡೆ ಮುಖ ಮಾಡಿದ ನಾಯಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಎದ್ದು ನಾಲ್ಕು ಹೆಜ್ಜೆ ಮುಂದೆ ಬಂದರೆ ಅದಕ್ಕೊಂದು ಮನೆ ಸಿಗಬಹುದು. ಆ ನಾಲ್ಕು ಹೆಜ್ಜೆಗಾಗಿಯೇ ನಿಮ್ಮ ಸೊಸೆ ಅಲ್ಲಿ ಕೂರುತ್ತಿರುವುದು.

ಒಂದು ಸಲಹೆ. ಭಾನುವಾರದಿಂದ ಭಾನುವಾರಕ್ಕೆ ಅನ್ನೋದು ಹೆದರಿದ ನಾಯಿಗೆ ಜಾಸ್ತಿ ಅಂತರ. ಸಾಧ್ಯವಾದರೆ ಬುಧವಾರವೂ ಅದೇ ಹೊತ್ತಿಗೆ ಅರ್ಧ ಗಂಟೆ ಹೋಗಿಬನ್ನಿ. ಆಗದಿದ್ದರೆ ಜೊತೆಯವರಲ್ಲಿ ಸಮಾಧಾನದ ಒಬ್ಬರನ್ನು ಒಪ್ಪಿಸಿ, ನೀವು ಹೇಗೆ ಕೂರುತ್ತೀರೋ ಹಾಗೆಯೇ ಕೂರಲು ಹೇಳಿಕೊಡಿ.

— ಸಂಪಾದಕರು