ಬಾಗಿಲೇ ಗೋಡೆಗೆ ಬರಬೇಕು

ಹೋದ ಸಂಚಿಕೆಯಲ್ಲಿ ಇನ್ಸುಲಿನ್ ಅನ್ನು, ರಕ್ತದ ಸಕ್ಕರೆಯಾದ ಗ್ಲುಕೋಸ್ ಕೋಶದೊಳಗೆ ಹೋಗಲು ಬಾಗಿಲು ತೆರೆಯುವ ಬೀಗದ ಕೈಗೆ ಹೋಲಿಸಿದ್ದೆವು. ಅದನ್ನು ಓದಿ ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನಮ್ಮ ಅಪ್ಪಯ್ಯನಿಗೆ ಶುಗರ್ ಇದೆ. ರಕ್ತದಲ್ಲಿ ಇನ್ಸುಲಿನ್ ಕಮ್ಮಿ ಏನಿಲ್ಲ, ಜಾಸ್ತಿಯೇ ಇದೆ ಅಂತಾರೆ ಡಾಕ್ಟರು. ಬೀಗದ ಕೈ ಅಷ್ಟೊಂದು ಇದ್ದೂ ಬಾಗಿಲು ಯಾಕೆ ತೆರೆಯಲ್ಲ? ಬೆಟ್ಟದಿಂದ ಸೊಪ್ಪು ಹೊತ್ತ ದಿನ ಶುಗರ್ ಇಳಿದಿರುತ್ತೆ. ಅಡಿಕೆ ಸುಲಿಯೋಕೆ ಕೂತ ದಿನ ಇಳಿಯಲ್ಲ. ಕೊಟ್ಟಿಗೆಯ ಗಿಡ್ಡ ಹಸುವಿಗೂ ಇದೆಲ್ಲ ಇರುತ್ತಾ?"

ನಮಸ್ಕಾರ. ನಿಮ್ಮ ಪ್ರಶ್ನೆ ನಮ್ಮ ಹೋಲಿಕೆಯ ಕೊರತೆಯನ್ನು ಸರಿಯಾಗಿ ಹಿಡಿದಿದೆ. ಬೀಗದ ಕೈ ಅನ್ನೋದು ಎಲ್ಲರೂ ಹೇಳುವ ಮಾತು. ಆದರೆ ಸ್ನಾಯುವಿನ ಮಟ್ಟಿಗೆ ಅದು ಹೊಂದುವುದಿಲ್ಲ. ಅಲ್ಲಿ ಬಾಗಿಲುಗಳನ್ನೇ ಕಿತ್ತು ಒಳಗೆ ಇಟ್ಟಿರುತ್ತದೆ.

ಸ್ನಾಯುಕೋಶದ ಹೊರಪೊರೆ ಕೊಬ್ಬಿನದು. ಗ್ಲುಕೋಸ್ ಅದನ್ನು ತಾನಾಗಿ ದಾಟಲಾರದು. ದಾಟಿಸಲು ಗ್ಲುಟ್-4 ಎಂಬ ಪ್ರೋಟೀನ್ ಬೇಕು. ನಾವು ಹೇಳುವ ಬಾಗಿಲು ಇದೇ. ಹಸಿದಿರುವಾಗ ಇದರ ಬಹುಪಾಲು ಕೋಶದ ಒಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ ಇರುತ್ತದೆ. ಉಂಡ ಮೇಲೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬರುತ್ತದೆ. ಪೊರೆಯ ಮೇಲೆ ಅದರ ಸುದ್ದಿ ಹಿಡಿಯಲೆಂದೇ ಇರುವ ಪ್ರೋಟೀನಿಗೆ, ಅಂದರೆ ರಿಸೆಪ್ಟರಿಗೆ, ಅಂಟಿಕೊಳ್ಳುತ್ತದೆ. ಆ ಸುದ್ದಿ ಒಳಗೆ ಬಾಯಿಂದ ಬಾಯಿಗೆ ಹೋಗುತ್ತದೆ. ಒಂದು ಪ್ರೋಟೀನ್ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಚೀಲಗಳು ಹೊರಟು ಬಂದು ಪೊರೆಯಲ್ಲಿ ಬೆರೆಯುತ್ತವೆ. ಬಾಗಿಲು ಗೋಡೆಗೆ ಬಂತು, ಗ್ಲುಕೋಸ್ ಒಳಗೆ ಹೋಯಿತು. ಇನ್ಸುಲಿನ್ ಇಳಿದಾಗ ಬಾಗಿಲುಗಳು ಮತ್ತೆ ಒಳಗೆ. 1980ರಲ್ಲಿ ಅಮೆರಿಕದ ಎರಡು ತಂಡಗಳು ಇಲಿಯ ಕೊಬ್ಬಿನ ಕೋಶಗಳಲ್ಲಿ ಇದನ್ನು ಮೊದಲು ಕಂಡವು. ಸ್ನಾಯುವಿನಲ್ಲೂ ಇದೇ ಕ್ರಮ.

ನಿಮ್ಮ ಅಪ್ಪಯ್ಯನ ಮೈಯಲ್ಲಿ ಸುದ್ದಿ ಬರುತ್ತಿದೆ. ಅದು ಒಳಗೆ ಪೂರ್ತಿ ಮುಟ್ಟುತ್ತಿಲ್ಲ. ಬಾಗಿಲುಗಳು ಸಾಕಷ್ಟು ಹೊರಗೆ ಬರುವುದಿಲ್ಲ. ಅದಕ್ಕೇ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ.

ಈಗ ಸೊಪ್ಪಿನ ಹೊರೆಗೆ ಬರೋಣ. ನನಗೆ ಬಹಳ ಇಷ್ಟವಾದ ಭಾಗ ಇದು. ಹೊರೆ ಹೊತ್ತು ಧರೆ ಇಳಿಯುವಾಗ ತೊಡೆ, ಮೀನಖಂಡ ಹೇಗೆ ಬಿಗಿಯುತ್ತವೆ ನೋಡಿ. ಪ್ರತಿ ಸಲ ಬಿಗಿದಾಗಲೂ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಶಕ್ತಿ ಖರ್ಚಾಗುತ್ತದೆ. ಅಷ್ಟಕ್ಕೇ ಆ ಚೀಲಗಳು ಹೊರಡುತ್ತವೆ. ಇನ್ಸುಲಿನ್ ಹೇಳಲಿ ಅಂತ ಕಾಯುವುದಿಲ್ಲ. ಇದು ಬೇರೆಯೇ ದಾರಿ. ಇನ್ಸುಲಿನ್ ಮಾತು ಕೇಳದ ಸ್ನಾಯುವಿನಲ್ಲೂ ಈ ದಾರಿ ಕೆಲಸ ಮಾಡುತ್ತದೆ. ಕೆಲಸ ಮುಗಿದ ಮೇಲೂ ಒಂದೆರಡು ದಿನ ಆ ಸ್ನಾಯು ಇನ್ಸುಲಿನ್ ಮಾತನ್ನು ಸ್ವಲ್ಪ ಚೆನ್ನಾಗಿ ಕೇಳುತ್ತದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತಾಗ ಕೈಗೆ ದಣಿವು ನಿಜ. ಆದರೆ ಮೈಯ ದೊಡ್ಡ ಸ್ನಾಯುಗಳು ಕಾಲಲ್ಲಿವೆ, ಅವು ಸುಮ್ನೆ ಇರುತ್ತವೆ. ಸುಲಿಯುವ ಕಾಲದಲ್ಲಿ ಊಟವಾದ ಮೇಲೆ ಹತ್ತು ನಿಮಿಷ ತೋಟದ ಕಡೆ ನಡೆದು ಬರಲಿ.

ಒಂದು ಎಚ್ಚರಿಕೆ. ಅವರು ಇನ್ಸುಲಿನ್ ಇಂಜೆಕ್ಷನ್ನೋ ಶುಗರ್ ಜೋರಾಗಿ ಇಳಿಸುವ ಮಾತ್ರೆಯೋ ತಗೊಳ್ಳುತ್ತಿದ್ದರೆ, ಖಾಲಿ ಹೊಟ್ಟೆಯಲ್ಲಿ ಬೆಟ್ಟಕ್ಕೆ ಹೋಗುವುದು ಬೇಡ. ಶುಗರ್ ದಿಢೀರ್ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಜೇಬಿನಲ್ಲಿ ಒಂದು ತುಂಡು ಬೆಲ್ಲ ಇರಲಿ. ಮಾತ್ರೆಯ ಪ್ರಮಾಣವನ್ನು ಡಾಕ್ಟರನ್ನು ಕೇಳದೆ ಬದಲಿಸಬೇಡಿ.

ಇನ್ನು ಹಸು. ಇರುತ್ತೆ. ಹಸುವಿನ ಇನ್ಸುಲಿನ್‌ಗೂ ನಮ್ಮದಕ್ಕೂ 51 ಅಮೈನೋ ಆಮ್ಲಗಳಲ್ಲಿ ಮೂರರಷ್ಟೇ ವ್ಯತ್ಯಾಸ. 1922ರಲ್ಲಿ ಟೊರಾಂಟೊದಲ್ಲಿ ಸಕ್ಕರೆ ಕಾಯಿಲೆಯ 14 ವರ್ಷದ ಹುಡುಗನ ಜೀವ ಉಳಿಸಿದ್ದು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ರಸ. ಆದರೆ ಹಸುವಿಗೆ ಹುಲ್ಲಿನಿಂದ ನೇರವಾಗಿ ಗ್ಲುಕೋಸ್ ಸಿಗುವುದು ತೀರಾ ಕಮ್ಮಿ. ಹೊಟ್ಟೆಯ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಸಿ ಆಮ್ಲಗಳನ್ನಾಗಿ ಮಾಡುತ್ತವೆ. ಲಿವರು ಅದರಲ್ಲೊಂದರಿಂದ ಗ್ಲುಕೋಸ್ ಕಟ್ಟುತ್ತದೆ. ಹಾಗಾಗಿ ಅದು ದುಬಾರಿ ಸರಕು. ಕರು ಹಾಕಿದ ಹೊಸತರಲ್ಲಿ ಹಸುವಿನ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ, ಸ್ನಾಯುಗಳೂ ಅದರ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ನಿಮ್ಮ ಅಪ್ಪಯ್ಯನಿಗೆ ಕಾಯಿಲೆಯಾದದ್ದು ಇಲ್ಲಿ ಬಾಣಂತಿ ಹಸುವಿನ ಮೈ ಮಾಡಿಕೊಂಡ ಏರ್ಪಾಡು. ಕೆಚ್ಚಲಿಗೆ ಗ್ಲುಕೋಸ್ ಎಳೆದುಕೊಳ್ಳಲು ಇನ್ಸುಲಿನ್ ಬೇಕಿಲ್ಲ. ಸ್ನಾಯು ಬಿಟ್ಟುಕೊಟ್ಟದ್ದು ಅಲ್ಲಿಗೆ ಹೋಗಿ ಹಾಲಿನ ಸಕ್ಕರೆಯಾಗುತ್ತದೆ. ಕರು ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುವುದು ಅದನ್ನೇ.

— ಸಂ.